ದನಿಗೊಂದು ಜೊತೆ

ನಮ್ಮೂರಿನಲ್ಲಿ ಒಂಟಿ ವಸ್ತು ನಿಲ್ಲುವುದಿಲ್ಲ. ಮನೆಯಲ್ಲಿ ಸೌಟು ಒಂದೇ ಇದ್ದರೆ ವಾರದ ಸಂತೆ ಮುಗಿಯುವಷ್ಟರಲ್ಲಿ ಅದು ಎದ್ದುಹೋಗುತ್ತದೆ. ಎಲ್ಲಿಗೆ ಅಂತ ನನ್ನನ್ನು ಕೇಳಬೇಡಿ, ಇಲ್ಲೇ ಹುಟ್ಟಿ ಬೆಳೆದವರೂ ಕೇಳಿದ್ದಿಲ್ಲ. ಎರಡು ಕೊಂಡರಾಯಿತು, ಅಷ್ಟೇ. ನಾನು ಈ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ತವರಿನವರು ಕೊಟ್ಟಿದ್ದ ಬೆಳ್ಳಿಯ ಕುಂಕುಮದ ಭರಣಿ ಎದ್ದುಹೋಯಿತು. ಅತ್ತು ಕರೆದು ರಂಪ ಮಾಡಿದೆ, ಕಳ್ಳರು ಅಂದೆ, ಮನೆಯವರನ್ನೇ ಅನುಮಾನಿಸಿದೆ. ನನ್ನ ವಾರಗಿತ್ತಿ ಮಂಗಳಕ್ಕ ಬೈಯಲೂ ಇಲ್ಲ, ನಗಲೂ ಇಲ್ಲ. ತನ್ನ ಭರಣಿಗಳೆರಡನ್ನೂ ತಂದು ನನ್ನ ಮಡಿಲಿಗೆ ಹಾಕಿ, "ನಿಮ್ಮ ಕಡೆ ಯಾರೂ ಹೇಳಿರ್ಲಿಲ್ವೇನೆ ಇಂದೂ? ತಗೋ, ಕಣ್ಣೊರೆಸ್ಕೋ" ಅಂದಳು. ಅವತ್ತಿನಿಂದ ಅವಳು ಹೇಳಿದ್ದೇ ನನಗೆ ವೇದ.

ಹಾಗಂತ ನಾವೇನೂ ಕಷ್ಟದಲ್ಲಿದ್ದೇವೆ ಅಂದುಕೊಳ್ಳಬೇಡಿ. ಇಲ್ಲಿ ಅಂಗಡಿಯವರು ಒಂದು ಲೋಟ ಕೇಳಿದರೆ ಮುಖ ನೋಡುತ್ತಾರೆ. ಗಡಿಯಾರ ಎರಡು, ಒರಳು ಎರಡು, ಮದುವೆ ಕರೆಯೋಲೆ ಕೊಟ್ಟರೂ ಎರಡು. ಹಿಂದೊಮ್ಮೆ ಸಾರಿಗೆಯವರು ನಮ್ಮೂರಿಗೆ ಅಂತಲೇ ಒಂದೇ ಒಂದು ಬಸ್ಸು ಬಿಟ್ಟಿದ್ದರಂತೆ. ಸಂತೆ ಮುಗಿದ ಮೇಲೆ ನಿಲ್ದಾಣದಲ್ಲಿ ಡ್ರೈವರು, ಕಂಡಕ್ಟರು ಇಬ್ಬರೇ ಕೂತಿದ್ದರಂತೆ. ಮನುಷ್ಯರಿಗೆ ಮಾತ್ರ ಈ ಕಟ್ಟಳೆ ಇಲ್ಲ. ನಮ್ಮ ಬ್ರಹ್ಮಚಾರಿಗಳು ಎಲ್ಲರೂ ಗುಂಡುಕಲ್ಲಿನ ಹಾಗೆ ಇದ್ದಾರೆ.

ಸಂತೆ ಮುಗಿಯುವುದು ಅಂದರೆ ಕತ್ತಲಾಗುವುದಲ್ಲ. ಕೊನೆಯ ತರಕಾರಿ ರಾಶಿಯ ಹರಾಜಿನಲ್ಲಿ "ಮೂರ್ ಸಲ" ಅಂತ ಕೂಗಿದಾಗ ಸಂತೆ ಮುಗಿಯಿತು. ಅಲ್ಲಿಯವರೆಗೆ ಒಂಟಿ ವಸ್ತುವಿಗೆ ಜೊತೆ ಹುಡುಕಿಕೊಳ್ಳಲು ಅವಕಾಶ ಉಂಟು. ನಾನು ಬಂದಾಗಿನಿಂದ ಆ ಕೂಗು ಕೂಗುತ್ತಿದ್ದವರು ಮಂಗಳಕ್ಕನ ಗಂಡ, ನಮ್ಮ ಭಾವ, ಚನ್ನಬಸಣ್ಣ. "ಒಂದ್ ಸಲಾ... ಎರಡ್ ಸಲಾ..." ಅಂತ ಎಳೆದು ಎಳೆದು, ಆಮೇಲೆ ತೆಂಗಿನಕಾಯಿ ಒಡೆದ ಹಾಗೆ "ಮೂರ್ ಸಲ!" ಅವರಿಗೆ ಮೈಕು ಕೊಟ್ಟದ್ದೇ ದಂಡ. ಮನೆಯಲ್ಲಿ ಅವರು ಗುಟ್ಟು ಹೇಳಿದರೆ ಎದುರು ಮನೆಯವರು ಉತ್ತರ ಕೊಡುತ್ತಿದ್ದರು. ಮಂಗಳಕ್ಕನೋ, ಅವಳ ಮಾತು ಪಕ್ಕದಲ್ಲಿ ಕೂತವರಿಗೂ ಕೇಳಿಸದು, ಇನ್ನೊಂದು ಸಲ ಹೇಳು ಅನ್ನಬೇಕು. "ಸ್ವಲ್ಪ ಮೆತ್ತಗೆ ಮಾತಾಡ್ರೀ" ಅನ್ನುವುದನ್ನು ಅವಳು ಎಷ್ಟು ಹೇಳಿದ್ದಳೆಂದರೆ, ಆಮೇಲಾಮೇಲೆ ಬಾಯಿ ಬಿಡದೆ ಅಂಗೈ ಕೆಳಗೆ ಮಾಡಿ ಗಾಳಿಯನ್ನು ಒತ್ತಿ ತೋರಿಸುತ್ತಿದ್ದಳು. ಭಾವ ಅದನ್ನು ನೋಡಿ ಇನ್ನೂ ಜೋರಾಗಿ ನಗುತ್ತಿದ್ದರು.

ಆ ದನಿ ಒಡೆಯತೊಡಗಿತು. ಮೊದಲು ಶೀತ ಅಂದರು, ಆಮೇಲೆ ಕಷಾಯ ಕುಡಿದರು, ಕಡೆಗೆ ದೊಡ್ಡಾಸ್ಪತ್ರೆಗೆ ಹೋದೆವು. ಡಾಕ್ಟರು ಒಳ್ಳೆಯವರು, ಸುತ್ತಿ ಬಳಸದೆ ಹೇಳಿದರು. ಗಂಟಲಲ್ಲಿ ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ಭಯವಿಲ್ಲ, ದನಿ ಮಾತ್ರ ಹೋಗುತ್ತದೆ. ಹಬ್ಬ ಮುಗಿಸಿಕೊಂಡು ಬನ್ನಿ ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಮಂಗಳಕ್ಕ, "ಜೀವ ಉಳೀತಲ್ಲ, ಅಷ್ಟು ಸಾಕು" ಅಂದಳು. ಮಾರನೆಯ ಬೆಳಿಗ್ಗೆ ನೋಡಿದರೆ ಫೋನು ಹಿಡಿದುಕೊಂಡು ಭಾವನ ಹಿಂದೆ ಹಿಂದೆ ತಿರುಗುತ್ತಿದ್ದಾಳೆ. ಭಾವ ಹರಾಜು ಕೂಗಿದ್ದು, ಕಾಗೆ ಓಡಿಸಿದ್ದು, ಹಾಲಿನವನ ಜೊತೆ ಜಗಳ ಆಡಿದ್ದು, ಸೀನಿದ್ದು, ಹಾಡಲು ಬಾರದೆ ಹಾಡಿದ್ದು, ಎಲ್ಲವನ್ನೂ ಹಿಡಿದಿಟ್ಟುಕೊಂಡಳು. ಹಿಡಿದ ಕೂಡಲೇ ಜೊತೆಗಿರಲಿ ಅಂತ ನನ್ನ ಫೋನಿಗೂ ಕಳಿಸುತ್ತಿದ್ದಳು.

ಹೀಗೇ ನಡೆಯುತ್ತಿತ್ತು, ನನ್ನ ಫೋನು ತುಂಬಿಹೋಯಿತು. ಅವಳು ಕಳಿಸಿದ್ದೊಂದು ನನಗೆ ಬಂದು ಸೇರಲೇ ಇಲ್ಲ. ಸಂತೆ ಮುಗಿಯಿತು, ಅವಳ ಫೋನಿನಲ್ಲಿದ್ದದ್ದೂ ಎದ್ದುಹೋಯಿತು. ಏನು ಮಹಾ, ಭಾವ ಬಚ್ಚಲಿನಿಂದ "ಮಂಗ್ಳಾ, ಟವೆಲ್ಲೂ!" ಅಂತ ಕೂಗಿದ್ದು. ಇನ್ನೊಂದು ಸಲ ಕೂಗಿಸಿದರಾಯಿತು ಅಂದೆ ನಾನು. ಅವಳು ಭಾವನನ್ನು ಬಚ್ಚಲಿಗೆ ಅಟ್ಟಿ ಹೊರಗೆ ನಿಂತಳು. ಅವರು ಕೂಗಿದರು. ಅದು ಹರಾಜಿನ ಕೂಗಾಯಿತೇ ಹೊರತು ಟವೆಲ್ಲಿನ ಕೂಗಾಗಲಿಲ್ಲ. ಮತ್ತೆ ಕೂಗಿದರು, ನಾಟಕದ ಕೂಗಾಯಿತು. ಕಡೆಗೆ ಭಾವ ಬಾಗಿಲು ತೆಗೆದು, "ನಾನಿನ್ನೂ ಇದ್ದೀನಿ ಕಣೆ, ತಿಥಿ ಮಾಡ್ತಿದ್ದೀಯಲ್ಲ!" ಅಂತ ಸಿಡುಕಿದರು. ಮಂಗಳಕ್ಕ ಬಚ್ಚಲ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಅಳುವುದೂ ಮೆತ್ತಗೇ. ಭಾವ ಒದ್ದೆ ಕೈಯಲ್ಲೇ ಅವಳ ಬೆನ್ನು ಸವರುತ್ತ, "ಆಯ್ತು ಬಿಡೇ, ಏನ್ ಬೇಕೋ ಕೇಳು, ಕೂಗ್ತೀನಿ" ಅಂದರು.

ಮಾರನೆಯ ದಿನವೇ ಅಕ್ಕನನ್ನು ಕರೆದುಕೊಂಡು ಫ್ಲೋರಿನ್ ಮಿಸ್ ಅಂಗಡಿಗೆ ಹೋದೆ. ಮಿಸ್ ಕಾನ್ವೆಂಟಿನಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತಿಯಾಗಿ, ಸುಮ್ಮನೆ ಕೂರಲಾರದೆ ಅಂಗಡಿ ಹಾಕಿದವರು. ಈಗಲೂ ಗಿರಾಕಿಗಳನ್ನು ನಿಲ್ಲಿಸಿಕೊಂಡು ಪಾಠ ಮಾಡುತ್ತಾರೆ. ಪೆನ್ ಡ್ರೈವ್ ಕೊಡಿ ಅಂದದ್ದಕ್ಕೆ, "ಅದು ಚಿಲ್ಲರೆ ಇಟ್ಕೊಳ್ಳೋ ಪರ್ಸು. ನಿಮಗೆ ಬೇಕಾಗಿರೋದು ಬೀರು" ಅಂದರು. ಒಂದು ಕಪ್ಪು ಪೆಟ್ಟಿಗೆ ತೋರಿಸಿದರು. ಅದನ್ನು ಮನೆಯ ವೈಫೈಗೆ ಸೇರಿಸುವುದು, ಒಳಗೆ ಎರಡು ಹಾರ್ಡ್ ಡಿಸ್ಕ್ ಕೂರಿಸುವುದು. ಇಬ್ಬರ ಫೋನಿನಿಂದಲೂ ಏನು ಕಳಿಸಿದರೂ ಅದು ಎರಡರಲ್ಲೂ ಒಟ್ಟಿಗೇ ಬರೆದುಕೊಳ್ಳುತ್ತದೆ. "ಇದಕ್ಕೆ ನಾಸ್ ಅಂತಾರೆ" ಅಂದರು ಮಿಸ್. ಮಂಗಳಕ್ಕ ನನ್ನ ಕಿವಿಯಲ್ಲಿ, "ನಾಶ ಅನ್ನೋ ಪದಾರ್ಥನ ಯಾರಾದ್ರೂ ದುಡ್ಡು ಕೊಟ್ಟು ಮನೆಗೆ ತರ್ತಾರೇನೆ?" ಅಂದಳು. ಮಿಸ್‌ಗೆ ಕೇಳಿಸಿಬಿಟ್ಟಿತು. ಹೆಸರು ನಿಮಗೆ ಬೇಕಾದ್ದು ಇಟ್ಟುಕೊಳ್ಳಿ ಮಹಾತಾಯಿ ಅಂದರು.

ಒಂದೇ ಪೆಟ್ಟಿಗೆಯೊಳಗೆ ಎರಡು ಇದ್ದರೆ ಅದು ಒಂಟಿಯೋ ಜೊತೆಯೋ ಅಂತ ಅಕ್ಕನಿಗೆ ಸಂಶಯ. ಒಂದೇ ಸಿಪ್ಪೆಯ ಜೋಡಿ ಬಾಳೆಹಣ್ಣು ನಮ್ಮೂರಲ್ಲಿ ನಿಲ್ಲುತ್ತದಲ್ಲ ಅಂತ ನಾನು ನೆನಪಿಸಿದ ಮೇಲೆ ಸಮಾಧಾನ. ಖಾಲಿ ಪೆಟ್ಟಿಗೆಯೂ ಒಂಟಿಯಾಗಬಾರದಲ್ಲ, ಮಿಸ್ ಅಂಗಡಿಯಲ್ಲಿ ಅದರದೇ ಇನ್ನೊಂದು ಇತ್ತು, ಎರಡನ್ನೂ ಕಟ್ಟಿಸಿದೆವು. ಡಿಸ್ಕಿನ ವಿಷಯಕ್ಕೆ ಬಂದಾಗ ತಕರಾರು ಶುರುವಾಯಿತು. ಮಿಸ್ ಹೇಳಿದ್ದು ಬಿಡಿಬಿಡಿಯಾಗಿತ್ತು. ಕಂಪ್ಯೂಟರಿಗೆ ಹಾಕುವ ಮಾಮೂಲಿ ಡಿಸ್ಕ್ ಬೇಡ, ಹಗಲೂ ರಾತ್ರಿ ತಿರುಗುವುದಕ್ಕೆ ಅಂತಲೇ ಮಾಡಿದ್ದು ಬೇಕು. ಅಳತೆ ಎರಡರದೂ ಒಂದೇ ಇರಲಿ. ಆದರೆ ಎರಡನ್ನೂ ಒಂದೇ ಕಂಪನಿಯ ಒಂದೇ ಕಂತಿನಲ್ಲಿ ಬಂದದ್ದು ತಗೋಬೇಡಿ, ಬೇರೆ ಬೇರೆ ತಗೊಳ್ಳಿ.

ಮಂಗಳಕ್ಕ ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ. ನಮ್ಮೂರಲ್ಲಿ ಜೊತೆ ಅಂದರೆ ಪಡಿಯಚ್ಚು. ಸೌಟಿಗೆ ಸೌಟು, ಅದೇ ಹಿಡಿ, ಅದೇ ತೂಕ. ತಾಮ್ರದ ಚೊಂಬಿಗೆ ಹಿತ್ತಾಳೆ ಚೊಂಬು ಜೊತೆ ಮಾಡಲು ಹೋಗಿ ಎರಡನ್ನೂ ಕಳೆದುಕೊಂಡವರ ಕಥೆ ಪ್ರತಿ ಮನೆಯಲ್ಲೂ ಇದೆ. ಕಣ್ಣಾರೆ ಕಂಡವರು ಮಾತ್ರ ಯಾರೂ ಇಲ್ಲ. ಅವಳು ಡಿಸ್ಕುಗಳ ಹಿಂದಿನ ಚೀಟಿ ಓದಿ ಓದಿ, ಹಿಂದಿನ ಮುಂದಿನ ನಂಬರಿನ ಎರಡನ್ನು ಆರಿಸಿದಳು. ಅಷ್ಟಕ್ಕೇ ಬಿಡಲಿಲ್ಲ. ತೆಂಗಿನಕಾಯಿಯಲ್ಲಿ ನೀರಿದೆಯೋ ಇಲ್ಲವೋ ನೋಡುವ ಹಾಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಫ್ಲೋರಿನ್ ಮಿಸ್ ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯೋ ಜೀಸಸ್, ಇಡ್ರೀ ಕೆಳಗೆ! ಒಟ್ಟಿಗೆ ಹುಟ್ಟಿದವು ಒಟ್ಟಿಗೇ ಕಣ್ಮುಚ್ಚಿದ್ರೆ ಆಮೇಲೆ ನನ್ನನ್ನ ಅನ್ಬೇಡಿ." ಮಂಗಳಕ್ಕ ಮೆತ್ತಗೆ, "ಅಕ್ಕತಂಗೀರ ಹಾಗಿವೆ ಮಿಸ್, ಇವೇ ಇರ್ಲಿ" ಅಂದಳು. ಅವಳು ಮೆತ್ತಗೆ ಹೇಳಿದ್ದನ್ನು ಬದಲಾಯಿಸಲು ಯಾರಿಂದಲೂ ಆದದ್ದಿಲ್ಲ. ಹೋಗಲಿ, ಮೂರನೆಯ ಪ್ರತಿಯೊಂದನ್ನು ಬೇರೆ ಮನೆಯಲ್ಲಿಡಿ ಅಂದರು ಮಿಸ್. "ಮೂರಂದ್ರೆ ಒಂದು ಜೊತೆ, ಒಂದು ಒಂಟಿ" ಅಂದಳು ಅಕ್ಕ. ಮಿಸ್ ತಲೆ ಚಚ್ಚಿಕೊಂಡರು.

ಪೆಟ್ಟಿಗೆ ಟಿವಿ ಪಕ್ಕದಲ್ಲಿ ಕೂತು ಹಸಿರು ದೀಪ ಬಿಟ್ಟಿತು. ಇಬ್ಬರ ಫೋನಿನಲ್ಲಿದ್ದದ್ದನ್ನೂ ಅದಕ್ಕೆ ಸುರಿದು, ಜಾಗವಾಗಲಿ ಅಂತ ಫೋನು ಖಾಲಿ ಮಾಡಿದೆವು. ಭಾವ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಅಲ್ಲಿ ಒಂದು ಧ್ವನಿಪೆಟ್ಟಿಗೆ ತೆಗೀತಾರಂತೆ, ಇಲ್ಲಿ ನೀನು ಇನ್ನೊಂದು ತಂದು ಕೂರಿಸಿದೀಯಾ. ಲೆಕ್ಕ ಸರಿಹೋಯ್ತು ಬಿಡು" ಅಂದರು. ಅಂದಿನಿಂದ ಅದರ ಹೆಸರೇ ಧ್ವನಿಪೆಟ್ಟಿಗೆ. ಹಬ್ಬದವರೆಗೂ ಭಾವ ಒಡಕು ದನಿಯಲ್ಲೇ ಅದರ ಹೊಟ್ಟೆ ತುಂಬಿಸಿದರು. ಆಸ್ಪತ್ರೆಗೆ ಹೊರಡುವ ದಿನ, ಯಾರೂ ಕೇಳದೆ ತಾವಾಗಿಯೇ ಬಚ್ಚಲಿಗೆ ಹೋದರು. "ಮಂಗ್ಳಾ, ಟವೆಲ್ಲೂ!" ಈ ಸಲ ನಿಜವಾಗಿಯೂ ಟವೆಲ್ ಮರೆತಿದ್ದರೋ ಬೇಕೆಂದೇ ಬಿಟ್ಟುಹೋಗಿದ್ದರೋ ಗೊತ್ತಿಲ್ಲ. ಅಕ್ಕ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಟವೆಲ್ ಹಿಡಿದು ಓಡಿದಳು.

ಆಪರೇಷನ್ ಆಯಿತು. ಭಾವ ಕತ್ತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದರು. ಮಾತೆಲ್ಲ ಕೈಸನ್ನೆ, ಕಣ್ಣು, ಚಿಟಿಕೆ. ಸಂತೆಯ ಕೂಗು ಲೋಕಪ್ಪನ ಪಾಲಾಯಿತು. ಭಾವನ ಕೈಕೆಳಗೇ ತೂಕ ಹಾಕುತ್ತಿದ್ದವನು, ಒಳ್ಳೆಯ ಮನುಷ್ಯ, ದನಿ ಮಾತ್ರ ಪೀಪಿ. ಮಂಗಳಕ್ಕ ಅಡುಗೆ ಮಾಡುವಾಗ ಪೆಟ್ಟಿಗೆಯಿಂದ ಭಾವನ ಹಾಲಿನ ಜಗಳ ಹಾಕಿಕೊಳ್ಳುತ್ತಿದ್ದಳು. ಭಾವ ಹೊಸಿಲಲ್ಲಿ ಕೂತು ತಮ್ಮ ಬೈಗುಳ ತಾವೇ ಕೇಳಿ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಆ ನಗುವಿಗೆ ಸದ್ದಿರಲಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಅಳು ಬರುತ್ತಿತ್ತು, ಅವರಿಬ್ಬರಿಗೆ ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂತೆಯ ದಿನ ಬೆಳಿಗ್ಗೆ ಪೆಟ್ಟಿಗೆ ಕಿರ್ರೋ ಅಂತ ಕೂಗಿಕೊಂಡಿತು. ಹಸಿರಿದ್ದ ದೀಪಗಳಲ್ಲಿ ಒಂದು ಕೆಂಪಾಗಿತ್ತು. ಫ್ಲೋರಿನ್ ಮಿಸ್ ಬಂದು ಕಿವಿ ಕೊಟ್ಟು ಕೇಳಿದರು. ಒಂದು ಡಿಸ್ಕ್ ಹೋಗಿದೆ. ಇನ್ನೊಂದೂ ಟಿಕ್ ಟಿಕ್ ಅನ್ನುತ್ತಿದೆ, ಅದರ ಅಕ್ಕನ ದಾರಿಯನ್ನೇ ಹಿಡಿದಿದೆ. "ನಾನು ಹೇಳಿರ್ಲಿಲ್ವಾ?" ಅನ್ನುವುದು ಅವರ ನಾಲಿಗೆಯ ತುದಿಯವರೆಗೆ ಬಂದದ್ದನ್ನು ನಾನು ಕಂಡೆ. ಮಂಗಳಕ್ಕನ ಮುಖ ನೋಡಿ ನುಂಗಿಕೊಂಡರು. ಒಂದು ಹೋಯಿತು ಅಂದಮೇಲೆ ಉಳಿದದ್ದು ಒಂಟಿ. ಸಂತೆ ಮುಗಿದರೆ ಅದೂ ಇಲ್ಲ. ಈಗ ಮತ್ತೆ ಕೂಗಿಸೋಣ ಅಂದರೆ ಕೂಗುವ ಗಂಟಲಿಲ್ಲ.

"ಅಕ್ಕಾ, ಮುಖ್ಯವಾದ್ದನ್ನ ಆರಿಸು, ಫೋನಿಗೆ ಎಷ್ಟು ಹಿಡಿಯುತ್ತೋ ಅಷ್ಟು ಇಳಿಸ್ಕೊಳ್ಳೋಣ" ಅಂದೆ. ಅವಳು ಪಟ್ಟಿಯನ್ನು ಬೆರಳಿನಲ್ಲಿ ಮೇಲೆ ಕೆಳಗೆ ಮಾಡಿದಳು. ಕಾಗೆ, ಹಾಲು, ಸೀನು, ಹಾಡು. "ಯಾವುದನ್ನ ಬಿಡ್ಲಿ ಇಂದೂ?" ಅಂದಳು.

ಮಿಸ್ ಅಂಗಡಿಗೆ ಹೋಗಿ ಅದೇ ಅಳತೆಯ ಹೊಸ ಡಿಸ್ಕ್ ತಂದರು. ಕಂಪನಿ ಬೇರೆ, ಬಣ್ಣ ಬೇರೆ, ತೂಕವೂ ಬೇರೆ. ಅವರಲ್ಲಿದ್ದದ್ದು ಅದೊಂದೇ ಬಗೆ. ಮಂಗಳಕ್ಕ ಪೆಟ್ಟಿಗೆಗೆ ಅಡ್ಡ ನಿಂತಳು. "ಅದು ಜೊತೆ ಅಲ್ಲ ಮಿಸ್. ಹಾಕಿದ್ರೆ ಉಳಿದಿರೋದೂ ಎದ್ದುಹೋಗುತ್ತೆ." ಹಾಕದಿದ್ದರೂ ಹೋಗುತ್ತದಲ್ಲ ಅಂತ ಮಿಸ್ ಗೋಗರೆದರು. ನಾನು ಕೈ ಹಿಡಿದು ಎಳೆದೆ. ಅವಳು ಜಗ್ಗಲಿಲ್ಲ.

ಆಗ ಭಾವ ಹೊಸಿಲಿನಿಂದ ಎದ್ದರು. ಅವರೂ ನಮ್ಮನೆಯವರೂ ಅಣ್ಣತಮ್ಮಂದಿರಲ್ಲವೇ, ಚಪ್ಪಲಿಯನ್ನು ಒಂದೇ ಅಂಗಡಿಯಲ್ಲಿ ಒಂದೇ ನಮೂನೆಯದು ಕೊಂಡಿದ್ದರು. ಭಾವ ತಮ್ಮ ಎಡಗಾಲಿನದನ್ನೂ ತಮ್ಮನ ಎಡಗಾಲಿನದನ್ನೂ ತಂದು ಮಂಗಳಕ್ಕನ ಮುಂದೆ ಇಟ್ಟರು. ಪಡಿಯಚ್ಚು. ನೋಡಿದೆಯಾ ಅಂತ ಹುಬ್ಬು ಹಾರಿಸಿದರು. ಆಮೇಲೆ ಆ ಎರಡು ಎಡಗಾಲಿನವನ್ನೇ ಮೆಟ್ಟಿಕೊಂಡು ನಡುಮನೆಯಲ್ಲಿ ನಡೆದರು. ನಡೆದರೇನು, ಕುಡಿದವರ ಹಾಗೆ ಸೊಟ್ಟಸೊಟ್ಟ ಹೋಗಿ ಟಿವಿ ಮೇಜಿಗೆ ತಾಕಿ ನನ್ನ ಮೇಲೇ ಬೀಳುವುದರಲ್ಲಿದ್ದರು. ಅವನ್ನು ಬಿಸುಟು ತಮ್ಮದೇ ಎಡ ಬಲ ಮೆಟ್ಟಿ ನೆಟ್ಟಗೆ ಹೆಂಡತಿಯ ಮುಂದೆ ಬಂದು ನಿಂತರು. ಅವರು ಆರಡಿಯ ಕಪ್ಪು ಆಳು, ಅವಳು ಅವರ ಎದೆಯವರೆಗೂ ಬಾರದ ಬಿಳಿಚಿ. ತಮ್ಮ ಎದೆ ಮುಟ್ಟಿಕೊಂಡರು. ಅವಳ ತಲೆ ಮುಟ್ಟಿದರು. ಎರಡು ಬೆರಳು ಜೋಡಿಸಿ ತೋರಿಸಿದರು. ಅಷ್ಟೇ. ಮಂಗಳಕ್ಕ ನಗುತ್ತಲೇ ಅತ್ತಳೋ, ಅಳುತ್ತಲೇ ನಕ್ಕಳೋ, ಪಕ್ಕಕ್ಕೆ ಸರಿದು, "ಹಾಕಿ ಮಿಸ್" ಅಂದಳು.

ಹಾಕಿದರೂ ಒಂದೇ ಏಟಿಗೆ ಆಗುವ ಕೆಲಸವಲ್ಲವಂತೆ. ಹಳೆಯದರಲ್ಲಿದ್ದದ್ದೆಲ್ಲ ಹೊಸದಕ್ಕೆ ಇಳಿಯಬೇಕು. ಎಷ್ಟು ಇಳಿಯಿತು ಅಂತ ಮಿಸ್ ಫೋನಿನಲ್ಲಿ ನೋಡುತ್ತಿದ್ದರು, ನಾವು ಮಿಸ್ ಮುಖ ನೋಡುತ್ತಿದ್ದೆವು. ಮಧ್ಯಾಹ್ನದ ಊಟಕ್ಕೆ ಯಾರೂ ಏಳಲಿಲ್ಲ. ಹೊತ್ತು ಇಳಿಯಿತು, ಇನ್ನೂ ಅರ್ಧ ದಾಟಿತ್ತಷ್ಟೆ. ಹಳೆಯ ಡಿಸ್ಕು ಮುದುಕಿಯ ಹಾಗೆ ಮುಲುಗುತ್ತ, ನಿಲ್ಲುತ್ತ, ಮತ್ತೆ ಹೊರಡುತ್ತ ಇತ್ತು. ನಮ್ಮ ಬೀದಿಯ ಕೊನೆಯಲ್ಲೇ ಸಂತೆ. ಲೋಕಪ್ಪನ ಪೀಪಿ ಮೈಕಿನಲ್ಲಿ ಮನೆಯೊಳಗೇ ಕೇಳಿಸುತ್ತಿತ್ತು. ಬದನೆಕಾಯಿ ಹೋಯಿತು, ಹೀರೆಕಾಯಿ ಹೋಯಿತು. ಕೊನೆಯ ರಾಶಿ ಬೂದುಗುಂಬಳ ಅಂತ ಅವನು ಕೂಗಿದ. ತಿರುಗಿ ನೋಡಿದರೆ ಹೊಸಿಲಿನಲ್ಲಿ ಭಾವ ಇಲ್ಲ.

"ಒಂದ್ ಸಲ" ಅಂದ ಲೋಕಪ್ಪ. ಮಂಗಳಕ್ಕ ಪೆಟ್ಟಿಗೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದಳು. "ಎರಡ್ ಸಲ" ಅಂದ. ನಾನೂ ಮುಚ್ಚಿದೆ. ಮೂರನೆಯದು ಬರಲಿಲ್ಲ. ಮೈಕಿನಲ್ಲಿ ಏನೋ ಗುಸುಗುಸು. ಆಮೇಲೆ ಬಳೆ ಅಂಗಡಿಯವಳ ದನಿ, "ಎಂಟಾಣೆ ಜಾಸ್ತಿ!" ಮತ್ತೆ ಒಂದ್ ಸಲ, ಎರಡ್ ಸಲ. "ಇನ್ನೊಂದು ಎಂಟಾಣೆ!" ಅಂದರು ಹೆಡ್‌ಮಾಸ್ತರು, ಹುಟ್ಟಿದಾರಭ್ಯ ಸಂತೆಯಲ್ಲಿ ಬಾಯಿ ತೆಗೆಯದವರು. ಮತ್ತೆ ಒಂದ್ ಸಲ, ಎರಡ್ ಸಲ. ಒಬ್ಬರಾದ ಮೇಲೆ ಒಬ್ಬರು ಎಂಟೆಂಟಾಣೆ ಏರಿಸುತ್ತಲೇ ಹೋದರು. ಆ ಬೂದುಗುಂಬಳಕ್ಕೆ ಅಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಾರದು. ಭಾವ ಅಲ್ಲಿ ಏನು ಮಾಡುತ್ತಿದ್ದಾರೆ ಅಂತ ನಮಗೆ ಆಗ ಹೊಳೆಯಿತು. ಮಾತಿಲ್ಲದ ಮನುಷ್ಯ ಇಡೀ ಊರಿಗೆ ಅದು ಹೇಗೆ ತಿಳಿಸಿ ಹೇಳಿದರೋ! ಮಂಗಳಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ದೀಪ ಹಚ್ಚುವ ಹೊತ್ತು ಮೀರಿ, ಎರಡು ದೀಪವೂ ಹಸಿರಾದವು. "ಮುಗೀತು!" ಅಂತ ಮಿಸ್ ಶಿಲುಬೆ ಮುಟ್ಟಿಕೊಂಡರು. ಅಕ್ಕ ಪೆಟ್ಟಿಗೆಯಿಂದ ಒಂದನ್ನು ಫೋನಿಗೆ ಇಳಿಸಿಕೊಂಡು ಬರಿಗಾಲಲ್ಲೇ ಓಡಿದಳು, ಹಿಂದೆ ನಾನು. ಸಂತೆಯಲ್ಲಿ ಒಬ್ಬರೂ ಮನೆಗೆ ಹೋಗಿರಲಿಲ್ಲ. ಹರಾಜಿನ ಕಟ್ಟೆಯ ಮೇಲೆ ಭಾವ ಲೋಕಪ್ಪನ ಮಣಿಕಟ್ಟು ಹಿಡಿದು ನಿಂತಿದ್ದರು, ಅವನು ಮೂರನೆಯ ಸಲ ಕೂಗಿ ಕೈ ಇಳಿಸದ ಹಾಗೆ. ಮಂಗಳಕ್ಕ ಬಾಳೆಕಾಯಿ ಸಾಲಿನ ಹತ್ತಿರವೇ ನಿಂತು, "ಆಯ್ತು ಕಣ್ರೀ! ಎಲ್ಲಾ ಉಳೀತು ಕಣ್ರೀ!" ಅಂತ ಕೂಗಿದಳು. ಎಂಥ ಕೂಗು ಅಂತೀರಿ! ದನಗಳು ತಿರುಗಿ ನೋಡಿದವು. ಅವಳ ಗಂಟಲಲ್ಲಿ ಅಂಥದ್ದೊಂದು ಇದೆ ಅಂತ ಹೆತ್ತ ತಾಯಿಗೂ ಗೊತ್ತಿತ್ತೋ ಇಲ್ಲವೋ.

ಜನ ದಾರಿ ಬಿಟ್ಟರು. ಅವಳು ಕಟ್ಟೆ ಹತ್ತಿ ಫೋನನ್ನು ಮೈಕಿಗೆ ಹಿಡಿದಳು. ಭಾವ ಲೋಕಪ್ಪನ ಕೈ ಬಿಟ್ಟು, ಮೊದಲಿನ ಹಾಗೆ ಹೆಗಲ ಮೇಲಿನ ಟವೆಲ್ ತೆಗೆದು ಮೇಲೆತ್ತಿದರು. "ಒಂದ್ ಸಲಾ... ಎರಡ್ ಸಲಾ..." ಇಡೀ ಸಂತೆ ಉಸಿರು ಬಿಗಿಹಿಡಿದು ನಿಂತಿತ್ತು. "ಮೂರ್ ಸಲ!" ಭಾವ ಟವೆಲ್ ಬೀಸಿದರು. ಸಂತೆ ಮುಗಿಯಿತು. ನನ್ನ ಪಕ್ಕದಲ್ಲಿದ್ದ ಬಳೆ ಅಂಗಡಿಯವಳು ಬಾಯಿಗೆ ಸೆರಗು ಒತ್ತಿಕೊಂಡಳು. ನಾನಂತೂ ನಾಚಿಕೆ ಬಿಟ್ಟು ಅತ್ತೆ. ಕೊನೆಯ ಎಂಟಾಣೆ ಏರಿಸಿದ್ದ ಮಹಾನುಭಾವರು ನಮ್ಮನೆಯವರೇ ಅಂತ ಆಮೇಲೆ ಗೊತ್ತಾಯಿತು. ಆ ರಾಶಿ ಬೂದುಗುಂಬಳವನ್ನು ಹುಳಿ, ಮಜ್ಜಿಗೆಹುಳಿ, ಹಲ್ವ ಅಂತ ನಾನು ಎಷ್ಟು ಕಾಲ ಮಾಡಿ ಬಡಿಸಿದೆ ಅನ್ನುವುದು ಬೇಡ ಬಿಡಿ.

ಮನೆಗೆ ಬರುವಾಗ ಗಂಡ ಹೆಂಡತಿ ಮುಂದೆ, ನಾವು ಹಿಂದೆ. ಮಂಗಳಕ್ಕನ ಬಾಯಿ ನಿಂತಿರಲಿಲ್ಲ. ಮಿಸ್ ಹೀಗೆಂದರು, ದೀಪ ಹಾಗಾಯಿತು, ಇಂದೂ ಪೆದ್ದಿಯ ಹಾಗೆ ಕಣ್ಣು ಮುಚ್ಚಿ ಕೂತಿದ್ದಳು, ಟವೆಲ್ಲಿನ ಕೂಗೂ ಇದೆ ಕಣ್ರೀ, ಅದೂ ಉಳಿದಿದೆ. ಎರಡೂ ಸಾಲಿನ ಮನೆಯವರು ಬಾಗಿಲಿಗೆ ಬಂದು ಕೇಳುವಷ್ಟು ಜೋರು. ಭಾವ ಸುಮ್ಮನೆ ಕೇಳಿಸಿಕೊಂಡು ನಡೆದರು. ನಮ್ಮ ಮನೆ ಮೆಟ್ಟಿಲ ಹತ್ತಿರ ನಿಂತು, ಅವಳ ಕಡೆ ತಿರುಗಿ, ಅಂಗೈ ಕೆಳಗೆ ಮಾಡಿ ಗಾಳಿಯನ್ನು ಮೆಲ್ಲಗೆ ಒತ್ತಿ ತೋರಿಸಿದರು.